ಗಿಬ್ಸ್ ಎಂದು ಅಚ್ಚಾದವನು

ಐನೂರು ತಟ್ಟೆ ಒತ್ತಿಸಿದ್ದೆವು. ಒಂದೊಂದರ ನಡುವೆಯೂ
ಹಳದಿ ಕಾಗದದ ಮೇಲೆ ಅವನ ಹೆಸರು: ಆರ್ಲಿಸ್ ಗಿಬ್ಸ್.
ಅವನು ಟಿಬ್ಸ್.
ಅಚ್ಚಿನವನಿಗೆ ಫೋನಿನಲ್ಲಿ ಕೇಳಿಸಿದ್ದು ಹಾಗೆ.
ತಿದ್ದಿಸಲು ನಲವತ್ತು ಡಾಲರು; ನಮ್ಮಲ್ಲಿದ್ದದ್ದು ಹದಿನೆಂಟು,
ಅದರಲ್ಲೂ ಆರು ಪೆಟ್ರೋಲಿಗೆ.
"ಇರಲಿ ಬಿಡು," ಅಂದ, "ಸಾಲಗಾರರು ಬಂದರೆ
ಗಿಬ್ಸನ ಮನೆ ಹುಡುಕಿಕೊಂಡು ಹೋಗಲಿ."

ಒಮಾಹಾದ ಚಳಿ. ಉಗುಳಿದರೆ ನೆಲ ಮುಟ್ಟುವುದರೊಳಗೆ ಕಲ್ಲು.
ಹಗಲೆಲ್ಲ ಕಸಾಯಿ ಕಾರ್ಖಾನೆಯಲ್ಲಿ ದನದ ಬೆನ್ನು ಸೀಳಿ
ಸಂಜೆ ಕೈಗೆ ನಿಂಬೆಹೋಳು ಉಜ್ಜಿ, ಮತ್ತೆ ಉಜ್ಜಿ,
ಅತ್ತರು ಬಳಿದು ಬರುತ್ತಿದ್ದ.
ಅದರಡಿಯಲ್ಲಿ ರಕ್ತದ ವಾಸನೆ ಇದ್ದೇ ಇರುತ್ತಿತ್ತು.
ಮುಂದಿನ ಸಾಲಿನ ಹೆಂಗಸರು ಮೂಗು ಮುರಿಯಲಿಲ್ಲ ಎಂದೂ;
ಅವರ ಗಂಡಂದಿರು ತರುವುದೂ ಅದೇ ವಾಸನೆ ಮನೆಗೆ.

ನಾನು ಹಿಂದೆ, ಡ್ರಮ್ಮುಗಳ ಮರೆಯಲ್ಲಿ.
ಹದಿನೇಳು ವರ್ಷ ಕಂಡದ್ದು ಅವನ ಬೆನ್ನು ಮಾತ್ರ.
ಉಸಿರು ಎಲ್ಲಿ ಕಟ್ಟುತ್ತಾನೆ, ಸ್ಯಾಕ್ಸೋಫೋನಿನ ಒಂದೇ ಸ್ವರವನ್ನು
ಕಬ್ಬಿನ ಜಲ್ಲೆಯ ಹಾಗೆ ಎಷ್ಟು ಸುತ್ತು ಜಗಿಯುತ್ತಾನೆ,
ಎಲ್ಲಾ ಆ ಬೆನ್ನೇ ಹೇಳುತ್ತಿತ್ತು.
ಒದ್ದೆ ಅಂಗಿ ಎಡಭುಜಕ್ಕೆ ಅಂಟಿತೋ, ಮುಗಿಸುತ್ತಾನೆ ಎಂದರ್ಥ.
ಬಲಕ್ಕೆ ಅಂಟಿದರೆ ದೇವರೇ ಗತಿ, ಬೆಳಗಾಗುತ್ತದೆ.

ಟೊಪೀಕಾ, ಲಿಂಕನ್, ಸೂ ಸಿಟಿ. ಅವನ ಖ್ಯಾತಿ ಮುನ್ನೂರು ಮೈಲಿಯದು,
ನಮ್ಮ ಕಾರಿನ ಟ್ಯಾಂಕು ಹಿಡಿಯುವಷ್ಟು.
ಸೇಂಟ್ ಜೋಸೆಫಿನಲ್ಲಿ ಸಭಾಂಗಣದ ನಡುವೆ ಹಗ್ಗ ಕಟ್ಟಿದ್ದರು:
ಈಚೆ ನಮ್ಮವರು, ಆಚೆ ಬಿಳಿಯರು.
ಮೂರನೆಯದಕ್ಕೆ ಹಗ್ಗ ಅಲುಗಿತು.
ಐದನೆಯದರ ನಡುವೆ ನೆಲದ ಮೇಲಿತ್ತು, ಯಾರ ಕಾಲಿಗೂ ತೊಡಕಲಿಲ್ಲ.
ಆರನೆಯದಕ್ಕೆ ಪೊಲೀಸರು ದೀಪ ಹಾಕಿದರು.
ಆ ರಾತ್ರಿಯ ದುಡ್ಡು ಇನ್ನೂ ಬರಬೇಕು.

ಶಿಕಾಗೋದಿಂದ ಕರೆ ಬಂತು. ಹೋದ.
ಹನ್ನೊಂದು ದಿನಕ್ಕೆ ಬಸ್ಸಿಳಿದ, ಅದೇ ಅಂಗಿಯಲ್ಲಿ.
ಏನಾಯಿತೋ ಎಂದರೆ, "ಅಲ್ಲಿಯ ನೀರು ತುಕ್ಕು ರುಚಿ."
ಮೂವತ್ತು ವರ್ಷ ಅದೊಂದೇ ಉತ್ತರ.
ಕೆದಕಲಿಲ್ಲ ನಾನು. ತಾಳ ಹಿಡಿಯುವವನಿಗೆ
ಎಲ್ಲಿ ಬಾರಿಸಬಾರದೆಂಬುದೇ ಅರ್ಧ ವಿದ್ಯೆ.

ಆಮೇಲೆ ಬೀದಿ ಉರಿದ ಬೇಸಿಗೆ. ನಾವು ನುಡಿಸುತ್ತಿದ್ದ ಕಟ್ಟಡದಲ್ಲಿ
ಹಳೇ ಟೈರು ತುಂಬಿದರು.
ಕಾರ್ಖಾನೆ ಮುಚ್ಚಿತು. ಶಾಲೆಯ ಬಸ್ಸು ಓಡಿಸಿದ ಆರ್ಲಿಸ್,
ಹಿಂದಿನ ಸೀಟಿನ ಮಕ್ಕಳಿಗೆ ಅವನೂ ಬರೀ ಬೆನ್ನು.
ಮಳೆಯಲ್ಲಿ ಮಾತ್ರ ಸಿಡುಕುತ್ತಿದ್ದನಂತೆ:
"ಈ ವೈಪರಿಗೆ ಲಯವೇ ಇಲ್ಲ!"

ಮಾರಾಟವಾಗದ ತಟ್ಟೆ ಮುನ್ನೂರ ಅರವತ್ತು.
ಕರಗಿದ ಹಿಮ ನೆಲಮಾಳಿಗೆಗೆ ನುಗ್ಗಿದ ವರ್ಷ
ಒರೀತಾ ಅವನ್ನೆಲ್ಲ ಡಬ್ಬಿಸಮೇತ
ಬಟ್ಟೆ ಒಗೆಯುವ ಯಂತ್ರದ ಕಾಲಡಿಗೆ ಕೊಟ್ಟಳು.
ಜಗಳವಾದೀತೆಂದು ಕಾದೆ.
ಅವನು ಮೆಟ್ಟಿಲ ಮೇಲೆ ನಿಂತು, ಯಂತ್ರ ಗಡಗಡ ತಿರುಗುವಾಗ,
"ಕೇಳು," ಅಂದ, "ಗಿಬ್ಸ್ ನುಡಿಸುತ್ತಿದ್ದಾನೆ."

ಮಂಗಳವಾರ ಒರೀತಾ ಕರೆದಳು: ಪೆಟ್ಟಿಗೆಯೊಳಗೆ
ಅವನ ಕೈಯಲ್ಲಿಡಲು ತಟ್ಟೆ ಬೇಕು, ಒಂದೇ ಒಂದು.
ಎಪ್ಪತ್ತೆಂಟರ ಮಂಡಿಯೂರಿ, ಕಾರಿನ ಜಾಕು ಹಾಕಿ
ಯಂತ್ರ ಎತ್ತಿದೆ. ಡಬ್ಬಿಯ ರಟ್ಟು ಮೆತ್ತಗಾಗಿ
ರೊಟ್ಟಿ ಹಿಟ್ಟಿನಂತೆ ಬೆರಳಿಗೆ ಬಂತು.
ಅವಳು ಬಗ್ಗಿ ನೋಡಿದಳು. ತುಸು ಹೊತ್ತು ಸುಮ್ಮನಿದ್ದಳು.
"ಬೇಡ, ಇಳಿಸು. ಒಂದು ತೆಗೆದರೆ ವಾಲುತ್ತದೆ.
ಅವನ ಬಿಳಿ ಅಂಗಿ ಇನ್ನೂ ಒಗೆಯಬೇಕು."

ಇಳಿಸಿದೆ. ಅವಳು ಗುಂಡಿ ಒತ್ತಿದಳು.
ಮೆಟ್ಟಿಲ ಮೇಲೆ ಕೂತೆ ನಾನು, ಕಾಲು ತಾನಾಗಿ ನೆಲ ತಟ್ಟುತ್ತ;
ನೋಡಲು ಎದುರಿಗೆ ಗೋಡೆ, ನೀರಿನ ಕೊಳವೆ,
ಮೊಳೆಗೆ ನೇತುಹಾಕಿದ್ದ ಬಸ್ಸಿನವರ ಟೋಪಿ.