ಸಿಯುರಿಗೆ ಎರಡು ಚೀಟಿ

ಗ್ರಂಥಾಲಯದ ಸಿಯುರಿ ಕೇಳುತ್ತಾಳೆ, ಕನ್ನಡಕ ಮೂಗಿನ ತುದಿಗಿಳಿಸಿ:
ಈಚೆಗೆ ಯಾವುದು ಹಿಡಿಸಿತು, ಯಾವುದು ಅರ್ಧಕ್ಕೆ ಬಿಟ್ಟೆ?
ಗೋಡೆಗೆ ಅಂಟಿಸಲು ಚೀಟಿ ಬರೆಸುತ್ತಿದ್ದಾಳೆ ಎಲ್ಲರ ಕೈಲೂ.
ಚಿಯಾತುರದಲ್ಲಿ ಓದುವವರೇ ಎಷ್ಟು ಮಂದಿ, ಅಂದೆ.
ಅದಕ್ಕೇ ನಿನಗೆ ಎರಡು ಚೀಟಿ, ಅಂದಳು.

ಹಿಡಿಸಿದ್ದು ಸಣ್ಣದು. ಅಂಗೈಯಗಲ.
ಕಡಲ ದಂಡೆಯಲ್ಲಿ ಉಪ್ಪು ತೂಗುವ ಹೆಂಗಸಿನ ಕತೆ.
ಕತೆ ಅಂದರೆ, ಏನೂ ಆಗುವುದಿಲ್ಲ:
ಮೂಟೆ ಬರುತ್ತದೆ, ತೂಗುತ್ತಾಳೆ, ಬರೆಯುತ್ತಾಳೆ.
ಒಂದು ಸಂಜೆ ಯಾರೂ ಇಲ್ಲದಾಗ
ಒದ್ದೆ ಲಂಗ ಬಿಚ್ಚಿ ತಕ್ಕಡಿಗಿಟ್ಟು ನೋಡುತ್ತಾಳೆ,
ಒಣಗಿದ ಮೇಲೆ ಮತ್ತೊಮ್ಮೆ ಇಟ್ಟು ನೋಡುತ್ತಾಳೆ,
ನಡುವಿನ ವ್ಯತ್ಯಾಸವನ್ನು
ಆ ದಿನದ ಲೆಕ್ಕಕ್ಕೆ ಸೇರಿಸುತ್ತಾಳೆ, ಸಮುದ್ರದ ಹೆಸರಲ್ಲಿ.
ಅಲ್ಲಿಗೆ ಪುಸ್ತಕ ಮುಚ್ಚಿ
ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದೆ.
ಲೋಬಿಯೊ ತಳ ಹಿಡಿದಿತ್ತು. ಸೀದ ಕಾಳು ತಿಂದ ಗಂಡ
ಏನೂ ಅನ್ನಲಿಲ್ಲ; ಎರಡು ಲೋಟ ನೀರು ಹೆಚ್ಚು ಕುಡಿದ.

ಬಿಟ್ಟದ್ದು ದಪ್ಪದ್ದು. ಆರುನೂರ ನಲವತ್ತು ಪುಟ.
ಮೈದುನ ಓತಿಯಾ ಕೊಟ್ಟಿದ್ದು, ಓದದೆ ಸತ್ತರೆ ಪಾಪ ಎಂಬಂತೆ.
ಯುದ್ಧ, ಕುದುರೆ, ಮೂರು ತಲೆಮಾರು.
ನನ್ನ ಕೆಲಸ ಗೊತ್ತಲ್ಲ, ತಂತಿಬಂಡಿಯ ನಿಲ್ದಾಣ:
ಗಂಟೆ ಬಾರಿಸು, ಗುಂಡಿ ಒತ್ತು, ಗಣಿಯವರು ಮೇಲಕ್ಕೆ,
ಗಣಿಯವರು ಕೆಳಕ್ಕೆ. ಏರೊಂದಕ್ಕೆ ಎರಡು ಪುಟ.
ಹಾಗೇ ಏರೇರಿ ಎಂಬತ್ತೇಳಕ್ಕೆ ಬಂದಿದ್ದೆ,
ಒಬ್ಬ ಹುಡುಗ, ಸೇತುವೆಯ ನಡುವೆ, ಎರಡೂ ಕಡೆ ಸಿಪಾಯಿಗಳು.
ಕರೆಂಟು ಹೋಯಿತು.

ಕ್ವಿರಿಲಾ ನದಿಯ ಮೇಲೆ ಬಂಡಿ ನಿಂತಿತು,
ಒಳಗೆ ಏಳು ಜನ, ಒಂದು ಕೋಳಿಬುಟ್ಟಿ.
ಬದ್ರಿಯೂ ನಾನೂ ಕೈಚಕ್ರ ತಿರುಗಿಸಿದೆವು
ಒಂದು ಗಂಟೆ ಐವತ್ತು ನಿಮಿಷ.
ಗೇಣು ಗೇಣಾಗಿ ಬಂದರು, ಬಯ್ಯುತ್ತ;
ಕೋಳಿಯೂ ಬಯ್ಯುತ್ತ. ಯಾರಿಗೂ ಏನೂ ಆಗಲಿಲ್ಲ.
ನನ್ನನ್ನು ಯಾರೂ ದೂರಲಿಲ್ಲ,
ಕರೆಂಟು ಹೋದದ್ದು ಪುಟ ತಿರುವಿದ್ದಕ್ಕಲ್ಲ.
ಆದರೂ ಆಮೇಲೆ ತೆರೆದಾಗ
ಎಂಬತ್ತೇಳರ ಅಂಚಿನಲ್ಲಿ ನನ್ನ ಹೆಬ್ಬೆರಳು, ಗ್ರೀಸಿನಲ್ಲಿ, ಕಪ್ಪಗೆ,
ಸಾಲಪತ್ರಕ್ಕೆ ಒತ್ತಿದ ಹಾಗೆ.

ಹುಡುಗ ಅಲ್ಲೇ ಇದ್ದಾನೆ.
ಅವನಿಗೆ ಕೈಚಕ್ರ ಬೇಡ, ಬೆರಳೊಂದು ಸಾಕು. ಗೊತ್ತು.
ಓತಿಯಾ ಸಿಕ್ಕಾಗಲೆಲ್ಲ, ಮುಗಿಯಿತೇ?
ಭಾರ ಇದೆ ಕಣೋ, ಅನ್ನುತ್ತೇನೆ. ಹೊಗಳಿಕೆ ಎಂದುಕೊಂಡು ಬೀಗುತ್ತಾನೆ.
ನಿಜ ಹೇಳಲೇ ಸಿಯುರಿ, ಅಷ್ಟೇನೂ ಚೆನ್ನಾಗಿರಲಿಲ್ಲ ಅದು.
ಎಲ್ಲರೂ ಭಾಷಣ ಬಿಗಿಯುವವರೇ, ಕುದುರೆಯೊಂದನ್ನು ಬಿಟ್ಟು.
ಇದನ್ನು ಗೋಡೆಗೆ ಹಚ್ಚಬೇಡ.

ಸಣ್ಣ ಪುಸ್ತಕ ಮೂರನೇ ಸಲ ಕೇಳಿದೆ. ಹೊರಗೆ ಹೋಗಿದೆ, ಅಂದಳು.
ಡ್ರಾಯರಿನ ಕಾರ್ಡು ತೆಗೆದು ತೋರಿಸಿದಳು:
ನನ್ನ ಹೆಸರು, ಮತ್ತೆ ನನ್ನ ಹೆಸರು,
ಅದರ ಕೆಳಗೆ ಎಡಕ್ಕೆ ವಾಲಿದ, ಓದಲಾಗದ ಸಹಿ.
ಯಾರೇ ಇದು? ಹೇಳುವುದಿಲ್ಲ, ನಿಯಮವಂತೆ.

ಈಗ ಬೆಳಗಿನ ಪಾಳಿಯಲ್ಲಿ, ಬಂಡಿಯ ಬಾಗಿಲು ಹಾಕುವ ಮೊದಲು
ಒಬ್ಬೊಬ್ಬರ ಕೈ ನೋಡುತ್ತೇನೆ:
ಮ್ಯಾಂಗನೀಸಿನ ಕೈ, ಹಿಟ್ಟಿನ ಕೈ, ಉಂಗುರ ಬಿಗಿದು ಊದಿದ ಕೈ.
ಎಡಚರು ಇಬ್ಬರಿದ್ದಾರೆ.
ನಿನ್ನೆ ಅವರಲ್ಲೊಬ್ಬಳು ಮಳೆಯಲ್ಲಿ ನೆನೆದು ಬಂದಳು,
ಲಂಗದ ಅಂಚು ಹಿಂಡುತ್ತ.
ಎಷ್ಟು ತೂಗೀತು, ಅಂತ ಕೇಳಲು ಬಾಯಿ ತೆರೆದೆ.
ಮೇಲಿನ ನಿಲ್ದಾಣದಿಂದ ಗಂಟೆ ಬಂತು.