ಡೋರ್ ಲಾಕ್

ಲಿಂಗರಾಜಪುರ, ಐದನೇ ಅಡ್ಡರಸ್ತೆ.
ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ,
ಜೇಡ ಬಲೆ ಕಟ್ಟಿದ ಪೆಟ್ಟಿಗೆಯೊಳಗೆ
ಒಂದು ಕೆಂಪು ಚುಕ್ಕಿ ಮಿಟುಕುತ್ತದೆ.
ಮೂರು ಸಾವಿರದ ಇನ್ನೂರು ಮಿಟುಕಿಗೆ ಒಂದು ಯೂನಿಟ್ಟು.
ಮಿಕ್ಸಿ ಹಾಕಿದರೆ ಅವಸರ, ಮನೆ ಮಲಗಿದರೆ ನಿಧಾನ.
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇದೇ:
ಬಗ್ಗುವುದು, ಓದುವುದು, ಬಿಲ್ಲು ಹರಿದು ಕೊಡುವುದು,
ನಾಯಿ ಬೊಗಳಿದರೆ "ಕರೆಂಟ್!" ಎಂದು ಕೂಗುವುದು,
ಬಾಗಿಲು ತೆಗೆಯದ ಮನೆಗೆ
'ಡೋರ್ ಲಾಕ್' ಎಂದು ಒತ್ತಿ
ಸರಾಸರಿ ಹಾಕಿ ಮುಂದಿನ ಗೇಟಿಗೆ ನಡೆಯುವುದು.

ಆ ದಿನವೂ ಬಗ್ಗಿದೆ. ಎದ್ದೆ.
ಎದೆಯೊಳಗೆ ಯಾರೋ
ಗೋಣಿಚೀಲಕ್ಕೆ ಕೋಳಿ ತುಂಬಿ ಬಾಯಿ ಕಟ್ಟಿದ ಹಾಗೆ.
ಬಿಸಿಲು, ಅಂದುಕೊಂಡೆ.
ಖಾಲಿ ಹೊಟ್ಟೆಗೆ ಮೂರು ಬೈಟು ಕಾಫಿ, ಅಂದುಕೊಂಡೆ.
ಗ್ಯಾಸು, ಅಂದುಕೊಂಡೆ.
ಈ ಊರಲ್ಲಿ ಎದೆಗೆ ಬರುವುದೆಲ್ಲ ಮೊದಲು ಗ್ಯಾಸೇ.

ಒಣಗಿದ ಬಟ್ಟೆ ಹೊತ್ತು ಇಳಿದುಬಂದ ಎಸ್ತರಮ್ಮ
ಗೋಡೆಗೊರಗಿದ ನನ್ನನ್ನು ನೋಡಿ
ಬಿಲ್ಲೆಷ್ಟು ಎಂದು ಕೇಳಲಿಲ್ಲ.
"ಕೂತ್ಕೋ. ಕೈ ಕೊಡು."
ವಿಕ್ಟೋರಿಯಾದಲ್ಲಿ ಮೂವತ್ತೊಂದು ವರ್ಷ
ರಾತ್ರಿಪಾಳಿ ಮಾಡಿದ ದನಿ.
ಯಾಕಮ್ಮಾ ಅಂದರೆ,
"ಒಳಗಿರೋದು ಕೈಕೊಡೋ ಮುಂಚೆ ನೀನು ಕೊಡು."

ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡಕ್ಕೆ, ಎರಡು ಬೆರಳು ಇಟ್ಟರು.
ಹೆಬ್ಬೆರಳಿಂದ ನೋಡಬಾರದಂತೆ:
ಅದಕ್ಕೂ ಒಂದು ಮಿಡಿತವಿದೆ, ತನ್ನದನ್ನೇ ಊದುತ್ತದೆ,
ಕೆಲವು ನೆಂಟರ ಹಾಗೆ.
ಅರ್ಧಕ್ಕೆ ಬಿಡಲಿಲ್ಲ. ಪೂರ್ತಿ ಒಂದು ನಿಮಿಷ.
ಆ ನಿಮಿಷದಲ್ಲಿ
ಬಾಣಸವಾಡಿ ಕಡೆಗೆ ಒಂದು ರೈಲು ಹೋಯಿತು,
ಯಾರದೋ ಕುಕ್ಕರ್ ಕೂಗಿತು.
ಇಷ್ಟೊಂದು ಗೇಟು ತೆಗೆದಿದ್ದೇನೆ,
ಇಷ್ಟು ಹೊತ್ತು ಯಾರೂ ನನ್ನನ್ನು ಓದಿರಲಿಲ್ಲ.

"ನೂರಾ ಹದಿನೆಂಟು. ಅದು ಬಿಡು,
ಮೆಟ್ಟಿಲು ಹತ್ತಿದರೂ ಓಡುತ್ತೆ.
ಆದರೆ ಎರಡು ಬಡಿದು ಒಂದು ನುಂಗುತ್ತೆ,
ಆಮೇಲೆ ಮೂರು ಒಟ್ಟಿಗೆ ಕಕ್ಕುತ್ತೆ. ಲೆಕ್ಕವೇ ಇಲ್ಲ.
ಇವತ್ತೇ ಹೋಗು. ನಾಳೆ ಅಲ್ಲ."

ನನ್ನ ಅಣ್ಣ ಚಿಕ್ಕರಂಗಯ್ಯ
ಯಶವಂತಪುರದ ಮಂಡಿಯಲ್ಲಿ
ಈರುಳ್ಳಿ ಮೂಟೆಯ ಮೇಲೆ ಕೂತಲ್ಲೇ ಬಾಯಿ ಓರೆಯಾಗಿ ಬಿದ್ದ.
ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಏಟಿಗೆ.
ಎದೆ ಪಟಪಟ ಅಂತದೆ ಅಂತ ವರ್ಷದಿಂದ ಹೇಳುತ್ತಿದ್ದನಂತೆ.
ಗತಿ ತಪ್ಪಿದ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ
ಮೆದುಳಿಗೆ ಹತ್ತಿತು ಎಂದರು ಡಾಕ್ಟರು, ಆಮೇಲೆ.
ಆ ವರ್ಷವಿಡೀ
ಎಷ್ಟು ಜನ ಅವನ ಕೈ ಹಿಡಿದಿದ್ದರು,
ಟವೆಲಿನ ಕೆಳಗೆ ಬೆರಳು ಒತ್ತಿ ರೇಟು ಕುದುರಿಸುತ್ತ!
ಒಂದು ಗೇಣು ಮೇಲೂ ಇಲ್ಲ, ಅಲ್ಲೇ, ಮಣಿಕಟ್ಟಿನಲ್ಲಿ,
ಅವನ ಎದೆ ಬೇರೆಯೇ ಬೆಲೆ ಹೇಳುತ್ತಿತ್ತು.

ಇಸಿಜಿಯ ಕಾಗದ ನನ್ನ ಬಿಲ್ಲಿನ ಹಾಗೇ
ಉದ್ದಕ್ಕೆ ಜಾರಿಕೊಂಡು ಬಂತು.
ನಲವತ್ತೊಂಬತ್ತು ವರ್ಷ
ನನ್ನ ಮನೆಗೆ ನಾನೇ ಡೋರ್ ಲಾಕ್ ಬರೆದು
ಸರಾಸರಿಯಲ್ಲಿ ಬದುಕಿದ್ದೆ.

ಈಗ ಎರಡು ಮಾತ್ರೆ. ಬೆಳಿಗ್ಗೆ ಐದು ನಿಮಿಷ ಸುಮ್ಮನೆ ಕೂತು
ಎರಡು ಬೆರಳು. ಡೈರಿಯ ಹಿಂದಿನ ಪುಟದಲ್ಲಿ
ಎಪ್ಪತ್ತೆರಡು, ಎಪ್ಪತ್ತಾರು, ಪಕ್ಕದಲ್ಲೊಂದು ಗೆರೆ:
ಸಮ, ಸಮ, ಮೊನ್ನೆ ಒಂದು ದಿನ ಅಸಮ.
ಒಮ್ಮೊಮ್ಮೆ ಸಿಗುವುದೇ ಇಲ್ಲ.
ಒತ್ತಿದರೆ ಅಡಗುತ್ತದೆ, ಸಡಿಲ ಬಿಟ್ಟರೆ
ಬೆಕ್ಕಿನ ಹಾಗೆ ತಾನೇ ಬಂದು ಬೆರಳಿಗೆ ತಾಗುತ್ತದೆ.

ಶಶಿರೇಖಾ ನಗುತ್ತಾಳೆ: "ಇದ್ದೀರಾ?"
ಇದ್ದೇನೆ. ನೀನೂ ಕೈ ಕೊಡು.
ಬಳೆ ಮೇಲಕ್ಕೆ ಸರಿಸಿ ಒದ್ದೆ ಕೈ ಚಾಚುತ್ತಾಳೆ.
ಇಪ್ಪತ್ತೆರಡು ವರ್ಷ ಹಿಡಿದ ಕೈ,
ಒಮ್ಮೆಯೂ ಓದದ ಕೈ.
"ಎಷ್ಟಿದೆ ರೀ? ಒಲೆ ಮೇಲೆ ಹಾಲಿಟ್ಟಿದ್ದೀನಿ..."
ಶ್. ಮಾತಾಡಬೇಡ.
ಎಣಿಕೆ ತಪ್ಪುತ್ತದೆ.