ನೂರಾ ಹದಿನೇಳನೇ ಹೆಜ್ಜಿ

ನೂರಾ ಹದಿನೇಳನೇ ಹೆಜ್ಜಿಗೆ
ಎಡಗಾಲಿನ ಮೀನಖಂಡ ಹಿಡೀತಿತ್ತು,
ಬೆಂಚ್ ವೈಸಿನ್ಯಾಗ ಸಿಕ್ಕ ಸಳಿಯಂಗ.
ಗದಗ ರೋಡಿನ್ಯಾಗ ಬರೋಬರಿ ಅಲ್ಲೇ
ದಸ್ತಗೀರನ ಫೋಟೋ ಫ್ರೇಮಿನ ಅಂಗಡಿ.
ನಿಂತು ನೋಡ್ತಿದ್ದೆ:
ಮಂದಿಯ ಮದಿವಿ, ಮಂದಿಯ ಸತ್ತವರು,
ಮೂಲ್ಯಾಗ ಒಂದು ಖಾಲಿ ಚೌಕಟ್ಟು.
ನೋವು ಇಳಿಯೂತನಾ ನೋಡ್ತಿದ್ದೆ.
ಎರಡು ವರ್ಷ. ಏನೂ ಕೊಳ್ಳಲಿಲ್ಲ.
ಅಂವಾ ಏನೂ ಕೇಳಲಿಲ್ಲ;
ಒಂದಿನ ಸ್ಟೂಲು ತಂದು ಹೊರಗಿಟ್ಟ.

ಕಮಡೊಳ್ಳಿ ಡಾಕ್ಟರಮ್ಮ
ಹರದ ಕ್ಯಾಲೆಂಡರಿನ ಬೆನ್ನಿಗೆ ಗೆರಿ ಎಳದ್ರು.
ತೊಡಿಯಿಂದ ಮೊಣಕಾಲ ಹಿಂದಿನ ಮಡಿಕಿತನಾ
ನಾಳ ಹಿಂಗ ಮುಚ್ಚೇತ್ರಿ.
ತೊಡಿಸಂದ್ಯಾಗ ಒಂದು ತೂತು,
ಅದರಾಗ ತಂತಿ, ತಂತಿ ಮ್ಯಾಲ ಸಣ್ಣ ನಳಿಗಿ.
ದೊಡ್ಡ ಕೊಯ್ತ ಇಲ್ಲ.

ಮೂವತ್ತೊಂದು ವರ್ಷ
ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ನಾನು.
ಪೈಪಿನ ಮಾತಲ್ಲೇನ್ರಿ, ಹೇಳ್ರಿ ಅಂದೆ.

ಬರೇ ಬಲೂನು, ಅಂದ್ರು. ಉಬ್ಬಸತೀವಿ,
ಹಿಗ್ಗಸತೀವಿ, ಹೊರಗ ತಗೀತೀವಿ. ರೊಕ್ಕ ಕಡಿಮಿ.
ಹಿಗ್ಗಿದ್ದು ಕುಗ್ಗಂಗಿಲ್ಲೇನ್ರಿ?
ಕುಗ್ಗತೈತಿ. ಕೆಲವರಿಗೆ ವರ್ಷದಾಗ.

ಸ್ಟೆಂಟು ಜಾಳಿಗಿಯ ಕೊಳವಿ. ಒಳಗ ಉಳದು
ಗ್ವಾಡಿ ಎತ್ತಿ ಹಿಡೀತೈತಿ.
ಸ್ಲೀವು ಹಾಕಿದಂಗ, ಅಂದೆ.
ಆದ್ರ ಪೈಪು ಮಡಚೂದಿಲ್ರೀ, ಕಾಲು ಮಡಚತೈತಿ.
ಕುಕ್ಕರಗಾಲಿಲೆ ಕೂಡತೀನಿ, ಸೈಕಲ್ ತುಳೀತೀನಿ,
ಐತವಾರ ದೇವರ ಮುಂದ ಮೊಣಕಾಲೂರತೀನಿ.
ಮಡಚಿ ಮಡಚಿ ತಗಡು ಎಲ್ಲಿ ಮುರೀತೈತಂತ
ನನ್ನ ಹೆಬ್ಬೆರಳಿಗೆ ಗೊತ್ತೈತಿ.
ಪೆನ್ನು ನಿಂತಿತು.
ಅದಕ್ಕ ಆ ಮಡಿಕ್ಯಾಗ ನಾವೂ ಅಂಜತೀವಿ, ಅಂದ್ರು.

ಸುಣ್ಣಗಟ್ಟಿದ್ರ ಕೆರೀಬಹುದು, ಸಣ್ಣ ಅಲಗು ತಿರುಗಿಸಿ.
ಕೆರದ ಚಕ್ಕಿ ಎಲ್ಲಿ ಹೋಗತೈತ್ರಿ?
ನಾ ಕಲಿಯೂ ಕಾಲಕ್ಕ ಬಾಯ್ಲರಿನ ಕಿಟ್ಟ ಕೆರದು
ಜೋಳದ ಕಾಳಿನಷ್ಟು ಚೂರು
ಕೆಳಗಿನ ವಾಲ್ವಿನ್ಯಾಗ ಸಿಕ್ಕು,
ಇಡೀ ಇಂಜಿನ್ನು ಕೆಟ್ಟು ನಿಂತಿತ್ತು.
ಬೆರಳಿಗಿಳದ್ರ ಬೆರಳು ಕರ್ರಗಾದೀತು,
ಅದಕ್ಕ ಕೆಳಗ ಜರಡಿ ಹಿಡೀತೀವಿ, ಅಂದ್ರು.
ನನ್ನ ಮಗಳ ವಯಸ್ಸು. ನನಗಿಂತ ಛಲೋ ಫಿಟ್ಟರ್.

ಕಡೀಕ ಔಷಧ ಸವರಿದ ಬಲೂನು.
ಗ್ವಾಡಿಗೆ ಒರಸಿ ಹೊರಗ ಬರತೈತಿ,
ಒಳಗ ಕಬ್ಬಿಣ ಬಿಡೂದಿಲ್ಲ.
ರೆಡ್ ಆಕ್ಸೈಡ್ ಬಳದಂಗ?
ಹಂಗ. ತುಟ್ಟಿ.

ಯಾವದು ಎಷ್ಟು ವರ್ಷ ತಡೀತೈತ್ರಿ?
ಗ್ಯಾರಂಟಿ ಕಾರ್ಡು ಬರಿಯೂದಿಲ್ಲ, ಅಂದ್ರು,
ಬೀಡಿ ಸೇದವರಿಗಂತೂ ಬರಿಯೂದ ಇಲ್ಲ.
ರೂತವ್ವ ಒಂದು ಮಾತೂ ಆಡದ
ನನ್ನ ಕಿಸೆಯ ಕಟ್ಟು ತಗದು ತನ್ನ ಚೀಲದಾಗ ಹಾಕ್ಕೊಂಡ್ಳು.

ಮಡಿಕಿಗೆ ಔಷಧದ ಬಲೂನು,
ಮ್ಯಾಲ ತೊಡ್ಯಾಗ, ನೆಟ್ಟಗಿದ್ದಲ್ಲಿ, ಒಂದು ಗಿಡ್ಡ ಸ್ಟೆಂಟು.

ಹದಿನೆಂಟನೇ ದಿನ ನಡದೆ.
ನೂರಾ ಹದಿನೇಳು ಬಂತು, ಹೋತು,
ಮೀನಖಂಡಕ್ಕ ಸುದ್ದೀನ ಇಲ್ಲ.
ನೂರಾ ನಲವತ್ತಕ್ಕ ಹಿಂದಿಂದ ದನಿ:
ದಾನಪ್ಪಣ್ಣಾ, ಸಿಟ್ಟೇನು?

ಇಪ್ಪತ್ಮೂರು ಹೆಜ್ಜಿ ತಿರುಗಿ ಬಂದೆ.
ಸ್ಟೂಲಿನ ಮ್ಯಾಲಿನ ಧೂಳು ಅಂವಾ ಟವೆಲಿಲೆ ಝಾಡಿಸಿದ.
ಕಾಲು ಚಾಚಿ ಕೂತೆ.
ಆ ಖಾಲಿ ಚೌಕಟ್ಟಿಗೆ ಎಷ್ಟು, ಅಂತ
ಮೊದಲ ಸಲ ಕೇಳಿದೆ.